ಮೂರು ಆಫರ್ ಲೆಟರ್, ಒಂದು ಖಾಲಿ ಕಾಲಂ: ಐಟಿ ಕಂಪನಿಯ ‘ಕಲ್ಚರ್’ ಹೋಲಿಸುವುದು ಹೇಗೆ?

ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗಳು ಬೆಂಗಳೂರಿನ ವಿಜಯನಗರದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಮೂರು ಆಫರ್ ಲೆಟರ್. ನಾಲ್ಕು ವರ್ಷ ಅನುಭವ ಇರುವ ಹುಡುಗಿ. ಒಂದು ಆಫರ್ ಲಕ್ಷಗಟ್ಟಲೆ ಜನ ಇರುವ, ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿಯದ್ದು. ಇನ್ನೊಂದು ವೈಟ್‌ಫೀಲ್ಡ್‌ನಲ್ಲಿರುವ ವಿದೇಶಿ ಬ್ಯಾಂಕೊಂದರ ಜಿಸಿಸಿ, ಅಂದರೆ ಆ ಬ್ಯಾಂಕಿನದೇ ಇಲ್ಲಿನ ಆಫೀಸ್. ಮೂರನೆಯದು ಎಚ್‌ಎಸ್‌ಆರ್ ಲೇಔಟ್‌ನ ಸ್ಟಾರ್ಟಪ್. ಎಕ್ಸೆಲ್ ಶೀಟ್ ಕೂಡ ಮಾಡಿಕೊಂಡು ಬಂದಿದ್ದಳು. ಸಿಟಿಸಿ (ಕಂಪನಿ ವರ್ಷಕ್ಕೆ ನಮ್ಮ ಮೇಲೆ ಮಾಡುವ ಒಟ್ಟು ಖರ್ಚು), ಕೈಗೆ ಬರುವ ಸಂಬಳ, ಜಾಯ್ನಿಂಗ್ ಬೋನಸ್, ಓಡಾಟದ ಸಮಯ. ಕೊನೆಯ ಕಾಲಂ ‘ಕಲ್ಚರ್’. ಅದು ಮಾತ್ರ ಖಾಲಿ.

“ಮಾಮ, ಇದನ್ನ ಹೇಗೆ ತುಂಬಿಸೋದು ಗೊತ್ತಾಗ್ಲಿಲ್ಲ. ರಿವ್ಯೂ ನೋಡಿದ್ರೆ ಮೂರಕ್ಕೂ ನಾಲ್ಕರ ಹತ್ತಿರ ಸ್ಟಾರ್ ಇದೆ. ಇಂಟರ್‌ವ್ಯೂನಲ್ಲಿ ಕೇಳಿದ್ರೆ ಮೂರೂ ಕಡೆ ‘ನಮ್ಮದು ಫ್ಯಾಮಿಲಿ ಥರ’ ಅಂದ್ರು.”

ನಾನು ಈ ಊರಿನಲ್ಲಿ ಹದಿನೇಳು ವರ್ಷದಿಂದ ಐಟಿ ಕೆಲಸದಲ್ಲಿದ್ದೇನೆ. ಮೊದಲ ಆರು ವರ್ಷ ಸರ್ವಿಸ್ ಕಂಪನಿ, ನಂತರ ಎರಡು ವರ್ಷ ಸ್ಟಾರ್ಟಪ್, ಆಮೇಲಿನಿಂದ ಜಿಸಿಸಿ. ಎಲ್ಲ ಕಡೆಯೂ ಒಳ್ಳೆಯವರು ಸಿಕ್ಕಿದ್ದಾರೆ, ಕಿರಿಕಿರಿ ಮಾಡುವವರೂ ಸಿಕ್ಕಿದ್ದಾರೆ. ಒಳ್ಳೆಯವನು ಅಂದುಕೊಂಡಿದ್ದ ಮ್ಯಾನೇಜರ್ ಕೂಡ ಕ್ವಾರ್ಟರ್ ಕೊನೆಯ ವಾರದಲ್ಲಿ ಬೇರೆಯೇ ಮನುಷ್ಯ ಆಗುತ್ತಿದ್ದ. ಯಾಕೆ ಅಂತ ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ಅವನ ಮೇಲಿನವರು ಅವನನ್ನು ಒಂದು ನಂಬರ್ ಕೇಳುತ್ತಾರೆ. ಅವನು ನಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದು ಮುಕ್ಕಾಲು ಪಾಲು ಆ ನಂಬರ್‌ನಿಂದಲೇ ತೀರ್ಮಾನ ಆಗುತ್ತದೆ. ಗೋಡೆಯ ಮೇಲೆ ಬರೆದ ಮೌಲ್ಯಗಳೆಲ್ಲ ಆಮೇಲಿನ ಮಾತು.

ಅದಕ್ಕೇ ಅವಳಿಗೆ ಹೇಳಿದೆ, “ಕಲ್ಚರ್ ಅನ್ನೋ ಹೆಸರು ಅಳಿಸು. ‘ಮ್ಯಾನೇಜರ್ ಕೊಡಬೇಕಾದ ಲೆಕ್ಕ’ ಅಂತ ಬರಿ. ಈಗ ಒಂದೊಂದಾಗಿ ನೋಡೋಣ.”

ಸರ್ವಿಸ್ ಕಂಪನಿ: ಬಿಲ್ಲಿಂಗ್ ಅನ್ನೋ ದೇವರು

ಇನ್ಫೋಸಿಸ್, ಟಿಸಿಎಸ್, ವಿಪ್ರೋ ಥರದ ಕಂಪನಿಗಳಲ್ಲಿ ಮ್ಯಾನೇಜರ್ ಕೊಡಬೇಕಾದ ಲೆಕ್ಕ ಒಂದೇ. ನನ್ನ ಕೈಕೆಳಗಿನ ಎಷ್ಟು ಜನರಿಗೆ ಕ್ಲೈಂಟ್ ದುಡ್ಡು ಕೊಡುತ್ತಿದ್ದಾನೆ? ನಿಮ್ಮ ತಲೆಗೆ ಗಂಟೆಗೆ ಇಷ್ಟು ಡಾಲರ್ ಅಂತ ಬಿಲ್ ಹೋಗುತ್ತಿದ್ದರೆ ನೀವು ‘ಬಿಲ್ಲಬಲ್’. ಇಲ್ಲದಿದ್ದರೆ ‘ಬೆಂಚ್’. ಇಷ್ಟು ತಿಳಿದುಕೊಂಡರೆ ಅಲ್ಲಿನ ಅರ್ಧ ವಿಚಿತ್ರಗಳು ಅರ್ಥವಾಗುತ್ತವೆ. ಗುರುವಾರವೇ ಟೈಮ್‌ಶೀಟ್ ತುಂಬಿ ಅಂತ ಮೇಲ್ ಮೇಲೆ ಮೇಲ್ ಬರುವುದು ಯಾಕೆ? ಅದು ತುಂಬದಿದ್ದರೆ ಬಿಲ್ ಹೋಗುವುದಿಲ್ಲ. ಕೇಳಿದ ಟೆಕ್ನಾಲಜಿ ಬಿಟ್ಟು ಯಾವುದೋ ಹಳೇ ಪ್ರಾಜೆಕ್ಟ್‌ಗೆ ಹಾಕುವುದು ಯಾಕೆ? ಅಲ್ಲಿ ಒಂದು ಕುರ್ಚಿ ಖಾಲಿ ಇದೆ, ಕ್ಲೈಂಟ್ ಕಾಯುತ್ತಿದ್ದಾನೆ.

ನಾನು ಒಮ್ಮೆ ಎರಡು ತಿಂಗಳು ಬೆಂಚ್‌ನಲ್ಲಿದ್ದೆ. ದಿನಾ ಸ್ವೈಪ್ ಮಾಡಿ ಒಳಗೆ ಹೋಗುವುದು, ಫುಡ್ ಕೋರ್ಟ್‌ನಲ್ಲಿ ಎರಡು ಟೀ, ಲೈಬ್ರರಿಯಲ್ಲಿ ಒಂದು ಸರ್ಟಿಫಿಕೇಶನ್ ಪುಸ್ತಕ, ಸಂಜೆ ವಾಪಸ್. ಮೊದಲ ವಾರ ರಜೆ ಸಿಕ್ಕ ಹಾಗಿತ್ತು. ಮೂರನೇ ವಾರಕ್ಕೆ ಎದುರಿಗೆ ಬಂದ ಹಳೇ ಮ್ಯಾನೇಜರ್ ಬೇರೆ ಲಿಫ್ಟ್ ಹತ್ತಲು ಶುರು ಮಾಡಿದರು. ಮನುಷ್ಯ ಕೆಟ್ಟವರಲ್ಲ. ಅವರ ಶೀಟ್‌ನಲ್ಲಿ ನನ್ನ ಹೆಸರು ಕೆಂಪು ಬಣ್ಣದಲ್ಲಿತ್ತು, ಅಷ್ಟೇ.

ಈಗ ಆ ಸುಖವೂ ಇಲ್ಲ. 2025ರ ಜೂನ್‌ನಲ್ಲಿ ಟಿಸಿಎಸ್ ಒಂದು ನಿಯಮ ತಂದಿತು. ವರ್ಷಕ್ಕೆ ಕನಿಷ್ಠ 225 ದಿನ ಬಿಲ್ ಆಗುವ ಕೆಲಸದಲ್ಲಿರಬೇಕು, ಬೆಂಚ್‌ನಲ್ಲಿ 35 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಮುಂದಿನ ತಿಂಗಳೇ ಅದೇ ಕಂಪನಿ ತನ್ನ ಸಿಬ್ಬಂದಿಯಲ್ಲಿ ಸುಮಾರು 2%, ಅಂದರೆ 12,000ದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯದ ಮತ್ತು ಮೇಲಿನ ಹಂತದವರು. ‘ಟಿಸಿಎಸ್ ಸೇರಿದ್ರೆ ಸರ್ಕಾರಿ ಕೆಲಸ ಸಿಕ್ಕ ಹಾಗೆ’ ಅಂತ ನಮ್ಮೂರಲ್ಲಿ ಹೇಳುತ್ತಿದ್ದ ಮಾತಿಗೆ ಅಲ್ಲಿ ಏಟು ಬಿತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿತ್ತು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ ಅನ್ನುವುದು ಕಂಪನಿಯ ಮಾತು. ಆಫರ್ ಕೊಟ್ಟು ಎರಡು ವರ್ಷ ಕಾಯಿಸಿ ಈಗ ಹೀಗೆ ಮಾಡಿದರು ಅನ್ನುವುದು ಕೆಲವು ಹುಡುಗರ ದೂರು. ಕೊನೆಗೆ ಕಾರ್ಮಿಕ ಇಲಾಖೆಯೂ ಮಧ್ಯೆ ಬರಬೇಕಾಯಿತು.

ಹಾಗಂತ ಸರ್ವಿಸ್ ಕಂಪನಿ ಅಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಸನದ ಕಾಲೇಜಿನಿಂದ ಸರಿಯಾಗಿ ಇಂಗ್ಲಿಷ್ ಬಾರದೆ ಬಂದ ನನ್ನಂಥವನನ್ನು ತಿಂಗಳುಗಟ್ಟಲೆ ಕೂರಿಸಿ, ಸಂಬಳ ಕೊಟ್ಟು ಕಲಿಸಿದ್ದು ಇಂಥದೇ ಕಂಪನಿ. ಸ್ಟಾರ್ಟಪ್‌ನವರು ಆ ಕೆಲಸ ಮಾಡುವುದಿಲ್ಲ. ಇನ್ಫೋಸಿಸ್‌ನ ಕಥೆ ನಿಮಗೂ ಗೊತ್ತಿರುತ್ತದೆ. 1981ರಲ್ಲಿ ಏಳು ಜನ, 10,000 ರೂಪಾಯಿ, ಪುಣೆ. ಎರಡು ವರ್ಷದ ನಂತರ ಬೆಂಗಳೂರು. ಆಗಿನ್ನೂ ಯಾರೂ ಮಾಡದಿದ್ದ ಹೊತ್ತಿನಲ್ಲಿ ಸಾಮಾನ್ಯ ಉದ್ಯೋಗಿಗಳಿಗೂ ಷೇರು ಹಂಚಿದ ಕಂಪನಿ ಅದು. ಜಯನಗರದಲ್ಲಿ, ಜೆ.ಪಿ. ನಗರದಲ್ಲಿ ಆ ಷೇರಿನಿಂದ ಕಟ್ಟಿದ ಮನೆಗಳು ಇವತ್ತಿಗೂ ಇವೆ. ಈಗ ಅಂಥ ಅದೃಷ್ಟ ಇಲ್ಲ, ಆದರೆ ಬೇರೆ ಅನುಕೂಲ ಇದೆ. ಮ್ಯಾನೇಜರ್ ಸರಿ ಇಲ್ಲ ಅಂದರೆ ಕಂಪನಿ ಬಿಡದೆ ಪ್ರಾಜೆಕ್ಟ್ ಬದಲಾಯಿಸಬಹುದು. ಮೂರು ಲಕ್ಷ ಜನ ಇರುವ ಕಡೆ ಇನ್ನೊಂದು ಬಾಗಿಲು ಯಾವಾಗಲೂ ಇರುತ್ತದೆ. ಇಪ್ಪತ್ತು ಜನರ ಆಫೀಸ್‌ನಲ್ಲಿ ಆ ಬಾಗಿಲು ಎಲ್ಲಿಂದ ಬರಬೇಕು?

ನಾಯಕತ್ವದ ಮಾತಿಗೆ ಬಂದರೆ, ಈ ಕಂಪನಿಗಳಲ್ಲಿ ಸಿಇಒ ಯಾರು ಅನ್ನುವುದು ನಿಮ್ಮ ಸೋಮವಾರವನ್ನು ಅಷ್ಟೇನೂ ಬದಲಾಯಿಸುವುದಿಲ್ಲ. ಇನ್ಫೋಸಿಸ್‌ನಲ್ಲಿ 2014ರಲ್ಲಿ ವಿಶಾಲ್ ಸಿಕ್ಕಾ ಬಂದರು. ಸ್ಥಾಪಕರಲ್ಲದ ಮೊದಲ ಸಿಇಒ. 2017ರ ಆಗಸ್ಟ್‌ನಲ್ಲಿ ಸ್ಥಾಪಕರ ಜೊತೆಗಿನ ಜಟಾಪಟಿ ನಡುವೆ ಹೋದರು, ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು, 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಸಿಇಒ ಆದರು. ಟಿವಿಯಲ್ಲಿ ದೊಡ್ಡ ಸುದ್ದಿ. ಆಗ ಅಲ್ಲಿದ್ದ ನನ್ನ ಸ್ನೇಹಿತನನ್ನು ಕೇಳಿದೆ, ಏನಪ್ಪಾ ಒಳಗೆ ಹೇಗಿದೆ? “ಡೆಲಿವರಿ ಮ್ಯಾನೇಜರ್ ಅದೇ, ಕ್ಲೈಂಟ್ ಅದೇ, ಕಾಲ್ ಅದೇ ಟೈಮಿಗೆ” ಅಂದ.

ದೊಡ್ಡವರ ಮಾತು ಮತ್ತು ಕಂಪನಿಯ ನಡೆ ಎರಡೂ ಒಂದೇ ಅಂದುಕೊಳ್ಳಬಾರದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ದೇಶವೆಲ್ಲ ಚರ್ಚೆ ಆಯಿತು. 2025ರಲ್ಲಿ ಅವರೇ ಕಟ್ಟಿದ ಕಂಪನಿ ಮನೆಯಿಂದ ದಿನಕ್ಕೆ 9 ಗಂಟೆ 15 ನಿಮಿಷಕ್ಕಿಂತ ಜಾಸ್ತಿ ಕೆಲಸ ಮಾಡುವವರಿಗೆ, ಆರೋಗ್ಯ ನೋಡಿಕೊಳ್ಳಿ ಅಂತ ಮೇಲ್ ಕಳಿಸಿತು. ಎರಡರಲ್ಲಿ ಯಾವುದು ಕಲ್ಚರ್? ನನ್ನ ಕೇಳಿದರೆ ಎರಡೂ ಅಲ್ಲ. ಆ ಮೇಲ್ ಬಂದ ದಿನ ನಿಮ್ಮ ಲೀಡ್ ರಾತ್ರಿ ಹತ್ತಕ್ಕೆ ಫೋನ್ ಮಾಡಿದನಾ ಇಲ್ಲವಾ, ಅದು.

ಜಿಸಿಸಿ: ಯಜಮಾನ ಏಳು ಸಮುದ್ರದಾಚೆ

ಜಿಸಿಸಿ ಅಂದರೆ ವಿದೇಶಿ ಕಂಪನಿ ಇಲ್ಲಿ ತನಗೋಸ್ಕರವೇ ಇಟ್ಟುಕೊಂಡ ಆಫೀಸ್. ಹಿಂದೆ ‘ಕ್ಯಾಪ್ಟಿವ್’ ಅನ್ನುತ್ತಿದ್ದರು. ಆ ಹೆಸರು ಯಾರಿಗೂ ಇಷ್ಟ ಇರಲಿಲ್ಲ, ಸೆರೆಯಾಳು ಅಂದ ಹಾಗೆ, ಅಲ್ವಾ. ಬೆಂಗಳೂರಿಗೆ ಇದು ಹೊಸದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಇಲ್ಲಿಗೆ ಬಂದಿತ್ತು. 2024ರ ಹೊತ್ತಿಗೆ ದೇಶದಲ್ಲಿ ಇಂಥ ಕೇಂದ್ರಗಳು 1,700ಕ್ಕೂ ಹೆಚ್ಚು, ಬೇರೆ ಯಾವ ಊರಿಗಿಂತಲೂ ಜಾಸ್ತಿ ನಮ್ಮಲ್ಲೇ. ಇನ್ನೂ 500 ತರುತ್ತೇವೆ ಅಂತ ರಾಜ್ಯ ಸರ್ಕಾರ ಒಂದು ನೀತಿಯನ್ನೇ ಮಾಡಿದೆ.

ಇಲ್ಲಿ ಬಿಲ್ಲಿಂಗ್ ಇಲ್ಲ, ಬೆಂಚ್ ಇಲ್ಲ. ಕೇಳಲು ಸ್ವರ್ಗ. ಮ್ಯಾನೇಜರ್ ಕೊಡುವ ಲೆಕ್ಕ ಬೇರೆ ಥರದ್ದು. ಹೆಡ್ ಆಫೀಸ್ ಪ್ರತಿ ವರ್ಷ ಬಜೆಟ್ ಕೂತಾಗ, ಬೆಂಗಳೂರಿನಲ್ಲಿ ಇಷ್ಟು ಜನ ಯಾಕೆ ಬೇಕು ಅಂತ ಕೇಳುತ್ತದೆ. ಅದಕ್ಕೆ ಉತ್ತರ ಕೊಡಬೇಕು. ಹಾಗಾಗಿ ಇಲ್ಲಿನ ಮ್ಯಾನೇಜರ್‌ಗಳಿಗೆ ‘ವಿಸಿಬಿಲಿಟಿ’ ಅನ್ನುವುದು ಜೀವ. ಲಂಡನ್ನಿನವರೋ ಷಾರ್ಲೆಟ್‌ನವರೋ ಬರುತ್ತಾರೆ ಅಂದರೆ ಎರಡು ವಾರ ಕೆಲಸ ಬಿಟ್ಟು ಪ್ರೆಸೆಂಟೇಶನ್. ರಿಸೆಪ್ಶನ್‌ನಲ್ಲಿ ರಂಗೋಲಿ, ಮೈಸೂರು ಪೇಟ, ಏಲಕ್ಕಿ ಹಾರ. ಹೋದ ಮೇಲೆ ಮತ್ತೆ ಅದೇ ಡಿಫೆಕ್ಟ್ ಲಿಸ್ಟ್.

ಜಿಸಿಸಿಗಳನ್ನು ಹೋಲಿಸುವಾಗ ನಾನು ನೋಡುವುದು ಒಂದೇ ವಿಷಯ: ತೀರ್ಮಾನ ಎಲ್ಲಿ ಆಗುತ್ತದೆ? ಕೆಲವು ಕಡೆ ಇಡೀ ಪ್ರಾಡಕ್ಟ್‌ನ ಯಜಮಾನಿಕೆಯೇ ಇಲ್ಲಿದೆ. ಡೈರೆಕ್ಟರ್ ಇಲ್ಲೇ ಕೂರುತ್ತಾರೆ, ಡಿಸೈನ್ ಇಲ್ಲೇ ಆಗುತ್ತದೆ, ಅಲ್ಲಿನವರೇ ನಮ್ಮ ಸಮಯಕ್ಕೆ ಹೊಂದಿಕೊಂಡು ಕಾಲ್‌ಗೆ ಬರುತ್ತಾರೆ. ಇನ್ನು ಕೆಲವು ಕಡೆ ‘ಸೈಟ್ ಹೆಡ್’ ಅಂತ ಒಬ್ಬರಿರುತ್ತಾರೆ. ದೊಡ್ಡ ಕ್ಯಾಬಿನ್, ದೊಡ್ಡ ಹೆಸರು. ಆದರೆ ನಿಮ್ಮ ಪ್ರಮೋಶನ್‌ಗೆ ಸಹಿ ಹಾಕುವುದು ನೀವು ಒಮ್ಮೆಯೂ ಮುಖ ನೋಡದ ನ್ಯೂಜೆರ್ಸಿಯ ಮನುಷ್ಯ. ಎರಡನೇ ಥರದ ಆಫೀಸ್‌ನಲ್ಲಿ ಬೆಂಗಳೂರಿನ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಅವರಿಂದ ಆಗುವುದು ಸಮಾಧಾನ ಹೇಳುವುದು ಅಷ್ಟೇ. ಪತ್ತೆ ಹಚ್ಚುವುದು ಸುಲಭ. ಇಂಟರ್‌ವ್ಯೂನಲ್ಲಿ “ನಿಮ್ಮ ಟೀಮ್ ಬೇಡ ಅಂತ ಹೇಳಿ ನಿಲ್ಲಿಸಿದ ಒಂದು ಫೀಚರ್ ಹೇಳಿ” ಅಂತ ಕೇಳಿ. ಮೊದಲ ಥರದವರು ತಕ್ಷಣ ಕಥೆ ಶುರು ಮಾಡುತ್ತಾರೆ. ಎರಡನೇ ಥರದವರು ಮ್ಯೂಟ್ ಆದ ಹಾಗೆ ಕೂರುತ್ತಾರೆ.

ಹೆಡ್ ಆಫೀಸ್‌ನ ಚಾಳಿಗಳೂ ವಿಮಾನ ಹತ್ತಿ ಇಲ್ಲಿಗೆ ಬರುತ್ತವೆ. ಜನರಲ್ ಎಲೆಕ್ಟ್ರಿಕ್ ಕಂಪನಿ 2000ರಲ್ಲಿ ವೈಟ್‌ಫೀಲ್ಡ್‌ನಲ್ಲಿ ತನ್ನ ಟೆಕ್ನಾಲಜಿ ಸೆಂಟರ್ ತೆರೆದಾಗ ಅದಕ್ಕೆ ತನ್ನ ಆಗಿನ ಸಿಇಒ ಜಾಕ್ ವೆಲ್ಚ್ ಹೆಸರನ್ನೇ ಇಟ್ಟಿತು. ಉದ್ಯೋಗಿಗಳನ್ನು ಮೇಲಿನ 20, ನಡುವಿನ 70, ಕೆಳಗಿನ 10 ಅಂತ ಭಾಗ ಮಾಡಿ, ಆ 10ನ್ನು ಹೊರಗೆ ಕಳಿಸಬೇಕು ಅನ್ನುವ ಪದ್ಧತಿಗೆ ಹೆಸರಾದವರು ಅವರು. ನಮ್ಮ ಊರಿನ ‘ಬೆಲ್ ಕರ್ವ್’ ಅಪ್ರೈಸಲ್‌ಗೆ ಅವರೇ ಮೂಲಪುರುಷ ಅನ್ನಬಹುದು.

ಬೆಲ್ ಕರ್ವ್ ಹೇಗಿರುತ್ತದೆ ಅಂತ ನಾನೇ ನೋಡಿದ್ದೇನೆ. ಒಂದು ಸಲ ಲೀಡ್ ಆಗಿ ರೇಟಿಂಗ್ ಮೀಟಿಂಗ್‌ಗೆ ಹೋಗಿದ್ದೆ. ಕಂಪನಿ ಹೆಸರು ಬೇಡ. ಒಂಬತ್ತು ಜನರ ಟೀಮ್, ಎಲ್ಲರೂ ಚೆನ್ನಾಗಿಯೇ ಮಾಡಿದ್ದರು. ಪ್ರೊಜೆಕ್ಟರ್‌ನಲ್ಲಿ ಶೀಟ್. “ಒಬ್ಬರನ್ನ ಕೆಳಗೆ ಹಾಕಲೇಬೇಕು” ಅಂದರು. ಯಾರು? ಐದು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು, “ಅವಳು ಹೇಗಿದ್ರೂ ಮೆಟರ್ನಿಟಿ ಲೀವ್‌ನಲ್ಲಿದ್ದಾಳಲ್ಲ” ಅಂದರು. ಶೀಟ್‌ನಲ್ಲಿ ಒಂದು ಹೆಸರು ಕೆಳಗಿಳಿಯಿತು. ನಾನೂ ಆ ರೂಮಿನಲ್ಲಿದ್ದೆ, ಸುಮ್ಮನಿದ್ದೆ. ಕಾನೂನಿನಲ್ಲಿ 2017ರಿಂದ 26 ವಾರ ಹೆರಿಗೆ ರಜೆ ಇದೆ. ರಜೆ ಕೊಡುತ್ತಾರೆ, ಎಲ್ಲ ದೊಡ್ಡ ಕಂಪನಿಯವರೂ ಕೊಡುತ್ತಾರೆ. ವಾಪಸ್ ಬಂದವಳಿಗೆ ಯಾವ ರೇಟಿಂಗ್ ಸಿಕ್ಕಿತು ಅಂತ ಕೇಳಿ ನೋಡಿ. ಹೆಣ್ಣುಮಕ್ಕಳು ಕಂಪನಿ ಹೋಲಿಸುವಾಗ ಎಚ್‌ಆರ್‌ನ ಸ್ಲೈಡ್ ಬಿಟ್ಟು, ಹೆರಿಗೆ ರಜೆ ಮುಗಿಸಿ ಬಂದು ಒಂದು ವರ್ಷ ಕಳೆದ ಒಬ್ಬಳನ್ನು ಹುಡುಕಿ ಮಾತಾಡುವುದು ಒಳ್ಳೆಯದು.

ದೊಡ್ಡ ಪ್ರಾಡಕ್ಟ್ ಕಂಪನಿ

ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್ ಥರದವು. ನನ್ನ ಅಕ್ಕನ ಮಗಳಿಗೆ ಈ ಆಫರ್ ಇರಲಿಲ್ಲ. ನಾನೂ ಒಳಗಿಂದ ನೋಡಿದವನಲ್ಲ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಆದರೆ ನಾಯಕತ್ವದಿಂದ ಕಲ್ಚರ್ ನಿಜವಾಗಿ ಬದಲಾದ ಉದಾಹರಣೆ ಬೇಕು ಅಂದರೆ ಇಲ್ಲಿದೆ. ಮೈಕ್ರೋಸಾಫ್ಟ್‌ನಲ್ಲಿ ಪಕ್ಕದವನನ್ನು ತುಳಿದರೆ ಮಾತ್ರ ಮೇಲೆ ಬರಬಹುದು ಅನ್ನುವಂಥ ರ‍್ಯಾಂಕಿಂಗ್ ಪದ್ಧತಿ ವರ್ಷಗಟ್ಟಲೆ ಇತ್ತು. 2013ರ ನವೆಂಬರ್‌ನಲ್ಲಿ ಅದನ್ನು ತೆಗೆದರು. ಮೂರೇ ತಿಂಗಳಲ್ಲಿ, 2014ರ ಫೆಬ್ರುವರಿಯಲ್ಲಿ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ ಸಿಇಒ ಆದರು. ಜನ ಇದನ್ನೆಲ್ಲ ಅವರೊಬ್ಬರ ಮಹಿಮೆ ಅನ್ನುತ್ತಾರೆ. ದಿನಾಂಕ ನೋಡಿದರೆ ರ‍್ಯಾಂಕಿಂಗ್ ಹೋದದ್ದು ಅವರಿಗಿಂತ ಮೊದಲು. ಅಳತೆಗೋಲು ಬದಲಾಗಿದ್ದರಿಂದ ಮಾತೂ ಬದಲಾಗಲು ಸಾಧ್ಯ ಆಯಿತು ಅಂತ ನನ್ನ ಲೆಕ್ಕ.

ಅಮೆಜಾನ್‌ನಲ್ಲಿ 16 ‘ಲೀಡರ್‌ಶಿಪ್ ಪ್ರಿನ್ಸಿಪಲ್ಸ್’ ಇವೆ. ಇಂಟರ್‌ವ್ಯೂನಿಂದ ಹಿಡಿದು ಪ್ರಮೋಶನ್‌ವರೆಗೆ ಅವುಗಳದ್ದೇ ಮಾತು. ಬೇರೆ ಕಡೆ ಗೋಡೆಗೆ ಅಂಟಿಸುವುದನ್ನು ಅವರು ನಿಜವಾಗಿ ಬಳಸುತ್ತಾರೆ, ಅದು ಮೆಚ್ಚಬೇಕಾದ್ದೇ. ಆದರೆ ಅಲ್ಲಿ ಷೇರು ಕೈಗೆ ಬರುವ ಕ್ರಮವನ್ನೂ ನೋಡಿ. ಮಾಮೂಲಿ ಆಫರ್‌ನಲ್ಲಿ ಮೊದಲ ವರ್ಷ 5%, ಎರಡನೇ ವರ್ಷ 15%, ಉಳಿದ 80% ಮೂರನೇ ಮತ್ತು ನಾಲ್ಕನೇ ವರ್ಷಕ್ಕೆ. ಮೊದಲೆರಡು ವರ್ಷದ ಕೊರತೆ ತುಂಬಲು ನಗದು ಬೋನಸ್ ಇರುತ್ತದೆ ನಿಜ. ಆದರೂ ಎರಡು ವರ್ಷಕ್ಕೆ ಬಿಟ್ಟವರಿಗೆ ಆಫರ್ ಲೆಟರ್‌ನಲ್ಲಿ ಕಂಡ ಷೇರಿನ ಐದನೇ ಒಂದು ಭಾಗ ಮಾತ್ರ. ಅಂಥ ಆಫರ್ ಸಿಕ್ಕಾಗ ಒಟ್ಟು ಮೊತ್ತ ನೋಡಿ ಕುಣಿಯುವ ಮೊದಲು, ಆ ಟೀಮ್‌ನಲ್ಲಿ ಮೂರು ವರ್ಷ ದಾಟಿದವರು ಎಷ್ಟು ಜನ ಇದ್ದಾರೆ ಅಂತ ವಿಚಾರಿಸಿ. ಇನ್ನೊಂದು, 2025ರ ಜನವರಿಯಿಂದ ಅಲ್ಲಿ ವಾರಕ್ಕೆ ಐದು ದಿನ ಆಫೀಸ್. ಔಟರ್ ರಿಂಗ್ ರೋಡ್ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸ್ಟಾರ್ಟಪ್: ಒಬ್ಬರ ಮೂಡ್, ಬ್ಯಾಂಕಿನ ಬ್ಯಾಲೆನ್ಸ್

ಸ್ಟಾರ್ಟಪ್‌ನಲ್ಲಿ ನಿಮ್ಮ ಮ್ಯಾನೇಜರ್ ಲೆಕ್ಕ ಕೊಡುವುದು ಫೌಂಡರ್‌ಗೆ. ಫೌಂಡರ್ ಲೆಕ್ಕ ಕೊಡುವುದು ದುಡ್ಡು ಹಾಕಿದವರಿಗೆ. ಆ ಲೆಕ್ಕ ಹೆಚ್ಚಿನ ಸಲ ಬೆಳವಣಿಗೆಯ ಗ್ರಾಫ್. ಅದು ಮೇಲೆ ಹೋಗುತ್ತಿರುವಾಗ ಇದರಷ್ಟು ಚೆಂದದ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ಹೇಳಿದ ಐಡಿಯಾ ಸಂಜೆ ಲೈವ್. ಸಿಇಒ ಪಕ್ಕದ ಕುರ್ಚಿಯಲ್ಲಿ ಕೂತು ವಡಾಪಾವ್ ತಿನ್ನುತ್ತಿರುತ್ತಾನೆ. ಹೆಸರು ಹಿಡಿದು ಕರೆಯಬಹುದು, ಸರ್ ಗಿರ್ ಇಲ್ಲ. ಸರ್ವಿಸ್ ಕಂಪನಿಯಲ್ಲಿ ಆರು ವರ್ಷದಲ್ಲಿ ಕಲಿತದ್ದಕ್ಕಿಂತ ಜಾಸ್ತಿ ನಾನು ಇಲ್ಲಿ ಮೊದಲ ಎಂಟು ತಿಂಗಳಲ್ಲಿ ಕಲಿತೆ. ಇದನ್ನು ಯಾರಾದರೂ ಅಲ್ಲಗಳೆದರೆ ನಾನು ಒಪ್ಪುವುದಿಲ್ಲ.

ಗ್ರಾಫ್ ನೆಲಕ್ಕೆ ಬಂದಾಗ? ನನ್ನ ಅನುಭವ ಹೇಳುತ್ತೇನೆ. ಒಂದು ತಿಂಗಳು ಸಂಬಳ ಏಳನೇ ತಾರೀಖು ಬಂತು. “ಬ್ಯಾಂಕ್ ಸಮಸ್ಯೆ” ಅಂದರು. ಮುಂದಿನ ತಿಂಗಳು ಹನ್ನೆರಡು. ನಮ್ಮ ಟೀಮ್‌ನ ಉಡುಪಿಯ ಹುಡುಗ ಒಬ್ಬ ಊಟದ ಹೊತ್ತಿನಲ್ಲಿ ಮೊಬೈಲ್ ತೆಗೆದು ಪಿಎಫ್ ಪಾಸ್‌ಬುಕ್ ತೋರಿಸಿದ. ಪೇ ಸ್ಲಿಪ್‌ನಲ್ಲಿ ಕಟ್ ಆಗಿದ್ದ ನಾಲ್ಕು ತಿಂಗಳ ಪಿಎಫ್ ಖಾತೆಗೆ ಹೋಗಿರಲೇ ಇಲ್ಲ. ಅಷ್ಟು ದಿನ ನಾವು ನೋಡಿಯೇ ಇರಲಿಲ್ಲ. ಶುಕ್ರವಾರದ ಪಿಜ್ಜಾ ಮಾತ್ರ ತಪ್ಪದೆ ಬರುತ್ತಿತ್ತು. ಅವತ್ತಿನಿಂದ ನನಗೆ ಯಾವ ಕಂಪನಿಯ ನಾಯಕತ್ವ ಹೇಗಿದೆ ಅಂತ ತಿಳಿಯಬೇಕಾದರೂ ಮೊದಲು ನೋಡುವುದು ಇದನ್ನೇ. ಅಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಪಿಎಫ್ ಪ್ರತಿ ತಿಂಗಳು ಬೀಳುತ್ತಿದೆಯಾ ಅಂತ. ಇಪಿಎಫ್‌ಒ ಪಾಸ್‌ಬುಕ್ ತೆರೆಯಲು ಎರಡು ನಿಮಿಷ ಸಾಕು.

ಹೊರಗೆ ಎಲ್ಲರಿಗೂ ಗೊತ್ತಿರುವ ಎರಡು ತುದಿಗಳಿವೆ. ಒಂದು ಬೈಜೂಸ್. ಒಂದು ಕಾಲಕ್ಕೆ ದೇಶದ ಅತಿ ಬೆಲೆಬಾಳುವ ಸ್ಟಾರ್ಟಪ್, 2024ರಲ್ಲಿ ಸಂಬಳ ತಡ, ಅದೇ ವರ್ಷದ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ. ಇನ್ನೊಂದು ಫ್ಲಿಪ್‌ಕಾರ್ಟ್, ಸ್ವಿಗ್ಗಿ. ಅಲ್ಲಿ ಷೇರು ಇಟ್ಟುಕೊಂಡ ಎಷ್ಟೋ ಉದ್ಯೋಗಿಗಳು ಕೋಟಿ ನೋಡಿದರು. ಆಫರ್ ಲೆಟರ್‌ನಲ್ಲಿ ಈಸಾಪ್ (ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಅಂತ ಬರೆದದ್ದು ಈ ಎರಡರಲ್ಲಿ ಯಾವ ಕಡೆ ಹೋಗುತ್ತದೆ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ನಾನು ಅದನ್ನು ಲಾಟರಿ ಟಿಕೆಟ್ ಅಂತಲೇ ಲೆಕ್ಕ ಹಾಕುತ್ತೇನೆ. ಸಿಟಿಸಿಯಿಂದ ಆ ಮೊತ್ತ ತೆಗೆದುಹಾಕಿ, ಉಳಿದ ಸಂಬಳಕ್ಕೆ ಒಪ್ಪಿಗೆಯಾದರೆ ಮಾತ್ರ ಹೋಗಿ. ಮತ್ತೆ ಕೆಲಸ ಬಿಟ್ಟ ಮೇಲೆ ಆ ಷೇರು ಕೊಳ್ಳಲು ಎಷ್ಟು ದಿನ ಟೈಮ್ ಕೊಡುತ್ತಾರೆ ಅಂತ ಕೇಳಿಕೊಳ್ಳಿ. ಕೆಲವರು ಮೂರೇ ತಿಂಗಳು ಕೊಡುತ್ತಾರೆ.

(ಬಿಇಎಲ್, ಎಚ್‌ಎಎಲ್ ಬಗ್ಗೆ ಅಪ್ಪ ಕೇಳುತ್ತಿರುತ್ತಾರೆ. ಅಲ್ಲಿ ಮ್ಯಾನೇಜರ್ ಲೆಕ್ಕ ಕೊಡುವುದು ರೂಲ್ ಬುಕ್‌ಗೆ. ಯೂನಿಯನ್ ಇದೆ, ಕ್ಯಾಂಟೀನ್ ಇದೆ, ಕನ್ನಡ ಸಂಘ ಇದೆ. ಪರೀಕ್ಷೆ ಬರೆದು ಒಳಗೆ ಹೋಗುವ ತಾಳ್ಮೆ ಇದ್ದರೆ ಹೋಲಿಕೆಯೇ ಬೇಡ. ಅದು ಬೇರೆ ಜಗತ್ತು.)

ಹೋಗಿ ನೋಡುವ, ಕೇಳುವ ಕೆಲಸ

ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್ ಥರದ ರಿವ್ಯೂ ಸೈಟ್‌ಗಳ ಸ್ಟಾರ್ ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಮೂರು ಲಕ್ಷ ಜನರ ಸರಾಸರಿ ಯಾರ ಅನುಭವವೂ ಅಲ್ಲ. ಬೆಂಗಳೂರು, ನಿಮ್ಮದೇ ಹುದ್ದೆ, ಕಳೆದ ಒಂದು ವರ್ಷ ಅಂತ ಸೋಸಿಕೊಂಡು ಓದಿ. ಒಂದೇ ವಾರದಲ್ಲಿ ಹತ್ತು ಐದು-ಸ್ಟಾರ್ ಬಂದಿದ್ದರೆ ಎಚ್‌ಆರ್ ಮೇಲ್ ಕಳಿಸಿರುತ್ತಾರೆ ಅಂತ ನನ್ನ ಗುಮಾನಿ. ನಾನು ಓದುವುದು ಮೂರು ಸ್ಟಾರ್ ಕೊಟ್ಟವರದ್ದು. ಅವರಿಗೆ ಸಿಟ್ಟೂ ಇಲ್ಲ, ಲಾಭವೂ ಇಲ್ಲ. ಒಳ್ಳೆಯದನ್ನೂ ಹೇಳಿರುತ್ತಾರೆ, “ಕ್ಯಾಬ್ ಏಳೂವರೆಗೆ ಮೊದಲು ಸಿಗಲ್ಲ” ಅನ್ನುವಂಥ ನಿಜವಾದ ವಿವರವನ್ನೂ ಬರೆದಿರುತ್ತಾರೆ.

ಅದಕ್ಕಿಂತ ಒಳ್ಳೆಯದು ಆ ಟೀಮ್ ಬಿಟ್ಟು ಹೋದ ಒಬ್ಬರ ಜೊತೆ ಹದಿನೈದು ನಿಮಿಷ ಫೋನ್. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಕನ್ನಡದಲ್ಲೇ ಎರಡು ಸಾಲು ಬರೆದರೆ ಜನ ಉತ್ತರ ಕೊಡುತ್ತಾರೆ. ಇದು ನಾನು ಎಷ್ಟೋ ಸಲ ಮಾಡಿ ನೋಡಿದ್ದು. “ಅಲ್ಲಿ ಹೇಗಿತ್ತು?” ಅಂತ ಕೇಳಬೇಡಿ, “ಚೆನ್ನಾಗಿತ್ತು” ಅಂತಾರೆ. “ರಜೆ ಕೇಳಿದ್ರೆ ಮ್ಯಾನೇಜರ್ ಮೊದಲು ಏನು ಕೇಳ್ತಿದ್ರು?” ಅಂತ ಕೇಳಿ. ನಿಮ್ಮ ಮ್ಯಾನೇಜರ್ ಆಗುವವರನ್ನೇ ಕೇಳಬೇಕಾದ್ದು ಎರಡು. ಈ ವರ್ಷ ನಿಮ್ಮನ್ನು ಯಾವ ನಂಬರ್‌ನಿಂದ ಅಳೆಯುತ್ತಾರೆ? ಕಳೆದ ವರ್ಷ ಟೀಮ್‌ನಿಂದ ಎಷ್ಟು ಜನ ಹೋದರು, ಎಲ್ಲಿಗೆ ಹೋದರು? ಕೇಳುವುದರಲ್ಲಿ ತಪ್ಪೇನಿಲ್ಲ. ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ವೇರಿಯಬಲ್ ಪೇ, ಅಂದರೆ ಸಂಬಳದಲ್ಲಿ ಹೆಚ್ಚು ಕಡಿಮೆ ಆಗುವ ಭಾಗ, ಎಷ್ಟು ಪರ್ಸೆಂಟ್ ಅಂತ ಎಲ್ಲರೂ ಕೇಳುತ್ತಾರೆ. ಹೋದ ನಾಲ್ಕು ಕ್ವಾರ್ಟರ್‌ನಲ್ಲಿ ನಿಜವಾಗಿ ಎಷ್ಟು ಕೊಟ್ಟರು ಅಂತ ಕೇಳಿ. ನೋಟಿಸ್ ಪೀರಿಯಡ್ 90 ದಿನ ಇದ್ದರೆ, ಬಿಟ್ಟು ಹೋಗುವವರನ್ನು ಕಟ್ಟಿ ಹಾಕುವ ಭಯ ಆ ಕಂಪನಿಗೆ ಇದೆ ಅಂತ ಅರ್ಥ. ಇಲ್ಲಿನ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಹಾಗೇ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾನೂನಿನ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ಹತ್ತು ಜನ ಇದ್ದರೂ ಸಾಕು. ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೆಲಸ ಮಾಡುವವರಿಗೇ ಗೊತ್ತಿಲ್ಲದಿದ್ದರೆ ಅದು ಕಾಗದದ ಮೇಲಿನ ಸಮಿತಿ. ಕೆಲಸ ತೆಗೆದಾಗ ಸಹಾಯಕ್ಕೆ ಬರುವ ಸಂಘಟನೆಯೂ ಈಗ ಇಲ್ಲಿದೆ, ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಯೂನಿಯನ್. 2024ರಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ದಾರಿ ಮಾಡುವ ಪ್ರಸ್ತಾಪ ಬಂದಾಗ ಬೀದಿಗಿಳಿದವರು ಇವರೇ. ನಮ್ಮವರು ಯೂನಿಯನ್ ಅಂದರೆ ಇನ್ನೂ ಮುಜುಗರ ಪಡುತ್ತಾರೆ, ಲೇಆಫ್ ಮೇಲ್ ಬರುವ ತನಕ.

ಎಕ್ಸೆಲ್‌ನಲ್ಲಿ ಹಾಕಲಾಗದ ಒಂದು ವಿಷಯ ಊಟದ ಟೇಬಲ್. ಮೀಟಿಂಗ್ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ಸರಿ. ಊಟಕ್ಕೆ ಕೂತಾಗ ಇಡೀ ಟೇಬಲ್ ಹಿಂದಿಗೋ ತೆಲುಗಿಗೋ ಹೊರಳಿ, ನೀವೊಬ್ಬರು ಮೊಸರನ್ನ ನೋಡುತ್ತಾ ಕೂತರೆ ಅದು ದಿನಾ ಒಂದಿಷ್ಟು ಒಂಟಿತನ. ಯಾವ ಕೆಲಸ ಯಾರಿಗೆ ಹೋಗುತ್ತದೆ ಅನ್ನುವ ಮಾತೂ ಎಷ್ಟೋ ಸಲ ಅಲ್ಲೇ ಆಗುತ್ತದೆ. ನವೆಂಬರ್ ಒಂದಕ್ಕೆ ಹಳದಿ ಕೆಂಪು ಶಾಲು ಹೊದಿಸಿ ಫೋಟೋ ತೆಗೆದರೆ ಇದು ಸರಿಹೋಗುವುದಿಲ್ಲ. ಯಾವ ಭಾಷೆಯವರೇ ಆಗಲಿ, ಒಬ್ಬರಿಗೆ ಅರ್ಥವಾಗುತ್ತಿಲ್ಲ ಅಂತ ಗೊತ್ತಾದ ಕೂಡಲೇ ಮಾತು ಬದಲಾಯಿಸುವ ಮ್ಯಾನೇಜರ್‌ಗಳನ್ನೂ ನಾನು ನೋಡಿದ್ದೇನೆ. ಅಂಥವರು ಸಿಕ್ಕರೆ ಸಂಬಳದಲ್ಲಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನುವವನು ನಾನು. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ, ಇಎಂಐ ಕಟ್ಟುವಾಗ ಊಟದ ಟೇಬಲ್ ಬರಲ್ಲ ಅನ್ನುತ್ತಾಳೆ.

ಅಕ್ಕನ ಮಗಳು ಮುಂದಿನ ವಾರ ಮೂರೂ ಕಡೆ ಫೋನ್ ಮಾಡಿ ಕೇಳಿದಳು. ಸರ್ವಿಸ್ ಕಂಪನಿಯ ಎಚ್‌ಆರ್, ಪ್ರಾಜೆಕ್ಟ್ ಯಾವುದು ಅಂತ ಸೇರಿದ ಮೇಲೆ ಗೊತ್ತಾಗುತ್ತದೆ ಅಂದರು. ಅಂದರೆ ಮ್ಯಾನೇಜರ್ ಯಾರು ಅಂತಲೂ ಸೇರಿದ ಮೇಲೇ. ಸ್ಟಾರ್ಟಪ್‌ನ ಫೌಂಡರ್ ಮುಕ್ಕಾಲು ಗಂಟೆ ಮಾತಾಡಿ, ಆರು ತಿಂಗಳಲ್ಲಿ ಎಷ್ಟು ಜನ ಹೋದರು ಅನ್ನುವುದೊಂದನ್ನು ಬಿಟ್ಟು ಎಲ್ಲ ಹೇಳಿದ. ಹುಡುಗ ಬುದ್ಧಿವಂತ, ಅವಳಿಗೆ ಮನಸ್ಸು ಸ್ವಲ್ಪ ಅಲ್ಲಾಡಿತ್ತು. ಜಿಸಿಸಿಯ ಮ್ಯಾನೇಜರ್ ಮಾತ್ರ, “ಹನ್ನೊಂದು ಜನರಲ್ಲಿ ಮೂವರು ಹೋದ್ರು. ಇಬ್ಬರಿಗೆ ನಮಗಿಂತ ಜಾಸ್ತಿ ಸಂಬಳ ಸಿಕ್ತು. ಒಬ್ಬರು ನನ್ನ ಜೊತೆ ಜಗಳ ಆಡಿ ಹೋದ್ರು. ಬೇಕಾದ್ರೆ ಅವರ ಜೊತೆನೇ ಮಾತಾಡಿ, ನಂಬರ್ ಕಳಿಸ್ತೀನಿ” ಅಂದರಂತೆ. ನಂಬರ್ ಕಳಿಸಿದರು ಕೂಡ. ಅವಳು ಮಾತಾಡಿದಳು. ಜಗಳ ಆಡಿದವರು ಮ್ಯಾನೇಜರ್ ಬಗ್ಗೆ ದೂರು ಹೇಳುತ್ತಾ ಹೇಳುತ್ತಾ, “ಆದ್ರೆ ರಿಲೀವಿಂಗ್ ಲೆಟರ್ ಒಂದು ದಿನ ತಡ ಮಾಡ್ಲಿಲ್ಲ ಕಣ್ರೀ” ಅಂದರಂತೆ.

ಜಿಸಿಸಿಗೇ ಸೇರಿದಳು. ಪಿಜಿ ಬಿಟ್ಟು ಈಗ ನಮ್ಮ ಮನೆಯಲ್ಲೇ ಇದ್ದಾಳೆ. ನೇರಳೆ ಮೆಟ್ರೋ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಬದಲಾಯಿಸದೆ ಹೋಗುತ್ತದೆ. ವಾರಕ್ಕೆ ಒಂದು ರಾತ್ರಿ ಕಾಲ್ ಇದೆ, ಬುಧವಾರ ಒಂಬತ್ತೂವರೆಗೆ. ಬುಧವಾರ ಊಟ ಎಂಟೂವರೆಗೇ ಆಗಬೇಕು ಅಂತ ಅವಳ ಅತ್ತೆಗೆ ಹೇಳಿಟ್ಟಿದ್ದಾಳೆ.